ಎರಡು ಮೇಜುಗಳ ನಡುವಿನ ಸಂದೇಶ: ಕಚೇರಿಯ ಸ್ಥಳೀಯ ಜಾಲ – ಒಂದು ವಿಮರ್ಶೆ

ಒಂದೇ ಕೋಣೆಯಲ್ಲಿ ಐದು ಮೀಟರ್ ಅಂತರದಲ್ಲಿ ಇಬ್ಬರು ನೌಕರರು ಕುಳಿತಿದ್ದಾರೆ. ಇಬ್ಬರ ಮುಂದೆಯೂ ಗಣಕವಿದೆ. ಒಬ್ಬರು ಇನ್ನೊಬ್ಬರಿಗೆ ಒಂದು ಸಾಲಿನ ಸಂದೇಶ ಕಳಿಸಬೇಕಾಗಿದೆ. ಆ ಸಂದೇಶ ಎಷ್ಟು ದೂರ ಪ್ರಯಾಣ ಮಾಡಬೇಕು? ತಂತಿಯ ಸುತ್ತುಬಳಸನ್ನು ಸೇರಿಸಿದರೂ ಇಪ್ಪತ್ತು ಮೀಟರ್ ಸಾಕು. ಆದರೆ ಇಂದು ನಮ್ಮ ಬಹುತೇಕ ಶಾಲೆ, ಕಾಲೇಜು, ಕಚೇರಿಗಳಲ್ಲಿ ಇದೇ ಸಂದೇಶ ಊರು ಬಿಟ್ಟು, ಜಿಲ್ಲೆ ಬಿಟ್ಟು, ಎಷ್ಟೋ ಸಲ ರಾಜ್ಯವನ್ನೇ ಬಿಟ್ಟು ಹೋಗಿ, ಅಪರಿಚಿತ ಗಣಕವೊಂದನ್ನು ಮುಟ್ಟಿ, ಮತ್ತೆ ಅದೇ ಕೋಣೆಗೆ ಹಿಂದಿರುಗುತ್ತದೆ. ಇದು ಏಕೆ ಹೀಗಾಯಿತು, ಇದರಲ್ಲಿ ಗಳಿಸಿದ್ದೇನು, ಕಳೆದುಕೊಂಡದ್ದೇನು ಎಂಬುದನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶ.

ವಿಮರ್ಶೆಗೆ ಮೂರು ವಸ್ತುಗಳಿವೆ. ಮೊದಲನೆಯದು, ಒಂದು ಕಾಲದಲ್ಲಿ ಕಚೇರಿ ಗಣಕಗಳಲ್ಲಿದ್ದು ಈಗ ಇಲ್ಲವಾಗಿರುವ ‘ಮೆಸೆಂಜರ್ ಸೇವೆ’. ಎರಡನೆಯದು, ಅದರ ಸ್ಥಾನವನ್ನು ಆಕ್ರಮಿಸಿರುವ ಮೊಬೈಲ್ ಸಂದೇಶಗಳ ರೂಢಿ. ಮೂರನೆಯದು, ಸ್ಥಳೀಯ ಜಾಲ ಅಂದರೆ ‘ಲ್ಯಾನ್’ ಎಂಬ ವಿಷಯವನ್ನು ನಾವು ತರಗತಿಗಳಲ್ಲಿ ಬೋಧಿಸುತ್ತಿರುವ ಬಗೆ.

ಅಳೆಯುವ ಕೋಲು: ಆವಕ–ಜಾವಕ ವಹಿ

ಯಾವುದೇ ವಿಮರ್ಶೆಗೆ ಒಂದು ಅಳತೆಗೋಲು ಬೇಕು. ಅದಕ್ಕಾಗಿ ದೂರ ಹೋಗಬೇಕಿಲ್ಲ. ಬಾಗಲಕೋಟೆ ಜಿಲ್ಲೆ ಮುಧೋಳ ತಾಲೂಕಿನ ಲೋಕಾಪುರದಂಥ ಒಂದು ಹೋಬಳಿ ಊರನ್ನು ತೆಗೆದುಕೊಳ್ಳೋಣ. ಭೂವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಹೆಸರು ಪರಿಚಿತ. ಕಲಾದಗಿ ಶಿಲಾಸ್ತೋಮದ ಒಂದು ಉಪಗುಂಪಿಗೆ ಇದೇ ಊರಿನ ಹೆಸರಿದೆ. ಸುಣ್ಣಕಲ್ಲು, ಸಿಮೆಂಟು, ಕಬ್ಬು ಇವುಗಳ ಸೀಮೆ. ಇಂಥ ಊರಿನ ಯಾವುದೇ ಹಳೆಯ ಕಚೇರಿಗೆ ಹೋದರೂ ಆವಕ–ಜಾವಕ ವಹಿ ಎಂಬುದೊಂದು ಇದ್ದೇ ಇರುತ್ತಿತ್ತು. ಬಂದ ಕಾಗದಕ್ಕೆ ಒಂದು ಕ್ರಮಸಂಖ್ಯೆ, ಹೋದ ಕಾಗದಕ್ಕೆ ಒಂದು ಕ್ರಮಸಂಖ್ಯೆ. ಒಳಗಿನ ಶಾಖೆಗೇ ಕೊಡಬೇಕಾದ ಚೀಟಿಯಾದರೆ ಜವಾನ ಅದನ್ನು ಒಯ್ದು ಕೊಟ್ಟು, ಪಡೆದವರ ಸಹಿಯನ್ನು ವಹಿಯಲ್ಲಿ ಹಾಕಿಸಿಕೊಂಡು ಬರುತ್ತಿದ್ದ. ಎಲ್ಲರಿಗೂ ತಿಳಿಸಬೇಕಾದ ಸಂಗತಿಯಾದರೆ ಸುತ್ತೋಲೆ. ಅದರ ಮೇಲೆ ಎಲ್ಲರ ಸಹಿ.

ಈ ಏರ್ಪಾಡಿನಲ್ಲಿ ನಾಲ್ಕು ಗುಣಗಳಿದ್ದವು. ಕಳಿಸಿದವರು ಯಾರೆಂಬುದು ಖಚಿತ. ತಲುಪಿತೆಂಬುದಕ್ಕೆ ರಸೀದಿ ಇದೆ. ನಾಳೆ ತೆರೆದು ನೋಡಲು ದಾಖಲೆ ಉಳಿಯುತ್ತದೆ. ಭಾಷೆ ಓದುವವರದೇ ಭಾಷೆ. ಇನ್ನೂ ಒಂದು ಐದನೆಯ ಗುಣವಿತ್ತು. ಅದು ಎಷ್ಟು ಸಹಜವಾಗಿತ್ತೆಂದರೆ ಯಾರೂ ಅದನ್ನು ಗುಣವೆಂದೇ ಎಣಿಸುತ್ತಿರಲಿಲ್ಲ: ಕಚೇರಿಯೊಳಗಿನ ಚೀಟಿ ಕಚೇರಿಯ ಹೊರಗೆ ಹೋಗುತ್ತಿರಲಿಲ್ಲ. ಗಣಕದ ಮೂಲಕ ಹೋಗುವ ಸಂದೇಶವನ್ನು ಈ ಐದು ಗುಣಗಳಿಂದಲೇ ಅಳೆಯೋಣ. ಹಳೆಯದೇ ಚೆನ್ನಾಗಿತ್ತೆಂದು ಸಾಧಿಸುವುದಕ್ಕಲ್ಲ. ವಹಿ ನಿಧಾನ, ಜವಾನ ರಜೆ ಹಾಕಿದರೆ ಚೀಟಿ ನಿಂತಲ್ಲೇ ನಿಲ್ಲುತ್ತಿತ್ತು. ಆದರೆ ಹೊಸ ಸಾಧನ ಹಳೆಯದರ ಗುಣಗಳನ್ನು ಉಳಿಸಿಕೊಂಡು ವೇಗ ಕೊಡಬೇಕು. ಇದು ನ್ಯಾಯವಾದ ನಿರೀಕ್ಷೆ.

ತಂತಿಯೊಳಗೆ ನಡೆಯುವುದೇನು?

ವಿಮರ್ಶೆಗೆ ಮುಂಚೆ ಕಾರ್ಯವಿಧಾನವನ್ನು ಸಂಕ್ಷೇಪವಾಗಿ ನೋಡಬೇಕು. ಇಂದಿನ ಸ್ಥಳೀಯ ಜಾಲದ ತಳಹದಿ ಈಥರ್‌ನೆಟ್. 1973ರಲ್ಲಿ ಅಮೆರಿಕದ ಝೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಇದರ ಕೆಲಸ ಆರಂಭಿಸಿದರು. ಇದಕ್ಕೆ ಪ್ರೇರಣೆ ಹವಾಯಿ ದ್ವೀಪಗಳ ನಡುವೆ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ನಡೆಸಲಾರಂಭಿಸಿದ ‘ಅಲೋಹಾ’ ಎಂಬ ರೇಡಿಯೋ ಜಾಲ. ಒಂದೇ ಮಾಧ್ಯಮವನ್ನು ಹಲವರು ಹಂಚಿಕೊಂಡಾಗ ಇಬ್ಬರು ಒಟ್ಟಿಗೆ ಮಾತಾಡಿ ಸಂದೇಶಗಳು ಡಿಕ್ಕಿ ಹೊಡೆದರೆ ಏನು ಮಾಡಬೇಕು ಎಂಬುದು ಅಲೋಹಾದ ಮುಖ್ಯ ಪ್ರಶ್ನೆ. ಅದರ ಉತ್ತರ: ರಸೀದಿ ಬಾರದಿದ್ದರೆ, ಯಾದೃಚ್ಛಿಕವಾಗಿ ಆಯ್ದ ಸ್ವಲ್ಪ ಹೊತ್ತು ಕಾದು ಮತ್ತೆ ಕಳಿಸು. ಈಥರ್‌ನೆಟ್ ಇದಕ್ಕೆ ಇನ್ನೊಂದು ಶಿಸ್ತನ್ನು ಸೇರಿಸಿತು: ಮಾತಾಡುವ ಮೊದಲು ತಂತಿಗೆ ಕಿವಿಗೊಡು, ಮಾತಾಡುವಾಗಲೂ ಕಿವಿಗೊಡು.

ಈಗ ನಮ್ಮ ಎರಡು ಮೇಜುಗಳಿಗೆ ಬರೋಣ. ಒಂದನೆಯ ಗಣಕ ಎರಡನೆಯದಕ್ಕೆ ಸಂದೇಶ ಕಳಿಸಬೇಕೆಂದರೆ ಮೊದಲು ಹೆಸರಿನಿಂದ ಅಂಕೆಯ ವಿಳಾಸ ತಿಳಿಯಬೇಕು. ಕಚೇರಿಗಳಲ್ಲಿ ಇದು ಸಾಮಾನ್ಯವಾಗಿ 192.168 ಎಂದು ಆರಂಭವಾಗುವ ಖಾಸಗಿ ವಿಳಾಸ. ಹೊರ ಜಗತ್ತಿನ ರೂಟರುಗಳು ಒಯ್ಯದ, ಒಳಬಳಕೆಗೆಂದೇ ಕಾಯ್ದಿರಿಸಿದ ವಿಳಾಸಗಳಿವು. 1990ರ ದಶಕದಿಂದ ಈ ವ್ಯವಸ್ಥೆ ರೂಢಿಯಲ್ಲಿದೆ. ಆಮೇಲೆ ಆ ವಿಳಾಸದ ಜಾಲಫಲಕದ 48 ಬಿಟ್‌ಗಳ ಯಂತ್ರಾಂಶ ಸಂಖ್ಯೆ ತಿಳಿಯಬೇಕು. ಇದಕ್ಕೆ ಗಣಕ ಡಂಗುರ ಸಾರುತ್ತದೆ: ‘ಈ ವಿಳಾಸ ಯಾರದು? ನಿಮ್ಮ ಸಂಖ್ಯೆ ಹೇಳಿ.’ ಎಲ್ಲ ಗಣಕಗಳೂ ಕೇಳಿಸಿಕೊಳ್ಳುತ್ತವೆ. ಸಂಬಂಧಪಟ್ಟದ್ದು ಮಾತ್ರ ಉತ್ತರಿಸುತ್ತದೆ. 1982ರಲ್ಲಿ ರೂಪಿಸಿದ ಈ ವಿಧಾನಕ್ಕೆ ‘ಎಆರ್‌ಪಿ’ ಎಂದು ಹೆಸರು. ಆಮೇಲೆ ಸಂದೇಶವನ್ನು ಒಂದು ಚೌಕಟ್ಟಿನೊಳಗಿಟ್ಟು ಸ್ವಿಚ್ಚಿಗೆ ಕೊಟ್ಟರೆ ಅದು ಸರಿಯಾದ ತಂತಿಗೇ ತಲುಪಿಸುತ್ತದೆ. ಇಷ್ಟರಲ್ಲಿ ಎಲ್ಲಿಯೂ ಹೊರಗಿನ ಅಂತರ್ಜಾಲದ ಅಗತ್ಯ ಬೀಳಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಕಾಲದ ಲೆಕ್ಕ ಮಾಡೋಣ. ಸುಮಾರು 100 ಸಂಕೇತಗಳ ಒಂದು ಕನ್ನಡ ಸಂದೇಶವನ್ನು ಯುಟಿಎಫ್–8 ಪದ್ಧತಿಯಲ್ಲಿ ಬರೆದರೆ ಹೆಚ್ಚೆಂದರೆ 300 ಬೈಟ್. ಮೇಲಿನ ಹೊದಿಕೆಗಳೆಲ್ಲ ಸೇರಿ ಸುಮಾರು 350 ಬೈಟ್, ಅಂದರೆ 2,800 ಬಿಟ್. ಸೆಕೆಂಡಿಗೆ 10 ಕೋಟಿ ಬಿಟ್ ಸಾಗಿಸುವ ತಂತಿಗೆ ಇದನ್ನು ಏರಿಸಲು 28 ಮೈಕ್ರೊಸೆಕೆಂಡ್ ಸಾಕು. ತಾಮ್ರದ ತಂತಿಯಲ್ಲಿ ಸಂಕೇತ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ವೇಗದಲ್ಲಿ, ಅಂದರೆ ಬೆಳಕಿನ ವೇಗದ ಮೂರನೇ ಎರಡು ಭಾಗದಷ್ಟು ವೇಗದಲ್ಲಿ ಸಾಗುತ್ತದೆ. 20 ಮೀಟರಿಗೆ ತಗಲುವ ಕಾಲ ಒಂದು ಮೈಕ್ರೊಸೆಕೆಂಡಿನ ಹತ್ತನೇ ಒಂದು ಭಾಗ. ಹೊರಗಿನ ದಾರಿಯದಾದರೆ? ಲೋಕಾಪುರದಿಂದ ಬೆಂಗಳೂರಾಗಲಿ ಮುಂಬಯಿಯಾಗಲಿ ನೇರ ಗೆರೆಯಲ್ಲೇ 400 ಕಿ.ಮೀ.ಗೂ ಆಚೆ. ಸರ್ವರ್ ಅಷ್ಟೇ ದೂರದಲ್ಲಿದೆ ಎಂದು ಉದಾರವಾಗಿ ಹಿಡಿದರೂ ಹೋಗಿ ಬರಲು 800 ಕಿ.ಮೀ.; ಬೆಳಕಿನ ತಂತುವಿನಲ್ಲಿ ಇದಕ್ಕೆ ಕನಿಷ್ಠ 4 ಮಿಲಿಸೆಕೆಂಡ್. ಮನುಷ್ಯನಿಗೆ ಎರಡೂ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆಯೇ. ಆದ್ದರಿಂದ ತಕರಾರು ವೇಗದ್ದಲ್ಲ. 20 ಮೀಟರ್ ತಂತಿಯಲ್ಲಿ ಕೆಡಬಹುದಾದ ಜಾಗಗಳು ಎರಡೋ ಮೂರೋ. 800 ಕಿ.ಮೀ. ದಾರಿಯಲ್ಲಿ ರಸ್ತೆ ಅಗೆಯುವ ಯಂತ್ರದಿಂದ ಹಿಡಿದು ಬಿಲ್ಲು ಕಟ್ಟದ ಸಂಪರ್ಕದವರೆಗೆ ಕೆಡಬಹುದಾದ ಜಾಗಗಳು ಲೆಕ್ಕಕ್ಕೆ ಸಿಗುವುದಿಲ್ಲ. ತಕರಾರು ಇರುವುದು ಇಲ್ಲಿ.

ಮೆಸೆಂಜರ್ ಸೇವೆ: ಏಕೆ ಬಂತು, ಏಕೆ ಹೋಯಿತು?

ಕಚೇರಿಯೊಳಗಿನ ಸಂದೇಶಕ್ಕೆ ಒಂದು ಸರಳ ಸಾಧನವಿತ್ತು. 1992ರ ‘ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್’ ತಂತ್ರಾಂಶದ ಜೊತೆ ‘ವಿನ್‌ಪಾಪಪ್’ ಎಂಬ ಪುಟ್ಟ ಕಾರ್ಯಕ್ರಮ ಬಂತು. ವಿಂಡೋಸ್ ಎನ್‌ಟಿ, 2000 ಮತ್ತು ಎಕ್ಸ್‌ಪಿ ಆವೃತ್ತಿಗಳಲ್ಲಿ ಇದೇ ಕೆಲಸವನ್ನು ಹಿನ್ನೆಲೆಯಲ್ಲಿ ಮಾಡುವ ‘ಮೆಸೆಂಜರ್ ಸೇವೆ’ ಇತ್ತು. ಆದೇಶದ ಕಿಟಕಿಯಲ್ಲಿ ‘ನೆಟ್ ಸೆಂಡ್’ ಎಂದು ಟೈಪಿಸಿ, ಆಚೆ ಗಣಕದ ಹೆಸರು ಬರೆದು, ಸಂದೇಶ ಬರೆದು ಒತ್ತಿದರೆ ಆ ಗಣಕದ ಪರದೆಯ ಮೇಲೆ ಪೆಟ್ಟಿಗೆಯೊಂದು ಏಳುತ್ತಿತ್ತು. ಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಗುಂಪಿನ ಎಲ್ಲರಿಗೂ ಏಕಕಾಲಕ್ಕೆ ಡಂಗುರ. ‘ವಿದ್ಯುತ್ ಹೋಗುವುದಿದೆ, ಕಡತ ಉಳಿಸಿಕೊಳ್ಳಿ’, ‘ಮುದ್ರಕದಲ್ಲಿ ಕಾಗದ ಮುಗಿದಿದೆ’ ಇಂಥ ಸೂಚನೆಗಳಿಗೆ ಇದು ಹೇಳಿ ಮಾಡಿಸಿದಂತಿತ್ತು. ಹೆಚ್ಚುವರಿ ತಂತ್ರಾಂಶ ಬೇಡ, ಖಾತೆ ಬೇಡ, ಹಣ ಬೇಡ.

ನಮ್ಮ ಅಳತೆಗೋಲಿನಿಂದ ನೋಡಿದರೆ ಐದರಲ್ಲಿ ಎಷ್ಟು ಅಂಕ ಕೊಡಬಹುದು? ಮೊದಲನೆಯದು, ಕಳಿಸಿದವರ ಗುರುತು. ಪೆಟ್ಟಿಗೆಯಲ್ಲಿ ಕಾಣುವ ಹೆಸರು ಕಳಿಸುವ ತಂತ್ರಾಂಶ ತುಂಬಿದ ಅಕ್ಷರಗಳು ಮಾತ್ರ. ಅದನ್ನು ಪರೀಕ್ಷಿಸುವ ಬಲವಾದ ಏರ್ಪಾಡು ಇರಲಿಲ್ಲ. ಸಾಹೇಬರ ಹೆಸರಿನಲ್ಲಿ ಬೇರೆ ಯಾರೋ ಸಂದೇಶ ಕಳಿಸುವುದು ಅಸಾಧ್ಯವೇನೂ ಆಗಿರಲಿಲ್ಲ. ಎರಡನೆಯದು, ರಸೀದಿ. ಒಬ್ಬರಿಗೇ ಕಳಿಸಿದಾಗ ‘ಕಳಿಸಲಾಯಿತು’ ಎಂಬ ಉತ್ತರ ಬರುತ್ತಿತ್ತು. ಅದು ಗಣಕ ಮುಟ್ಟಿದ್ದಕ್ಕೆ ರಸೀದಿಯೇ ಹೊರತು ಮನುಷ್ಯ ಓದಿದ್ದಕ್ಕಲ್ಲ. ಡಂಗುರಕ್ಕಂತೂ ಯಾವ ರಸೀದಿಯೂ ಇಲ್ಲ. ಮೂರನೆಯದು, ದಾಖಲೆ. ಗುಂಡಿ ಒತ್ತಿದೊಡನೆ ಪೆಟ್ಟಿಗೆ ಮಾಯ. ನೌಕರರು ತೆರೆದು ನೋಡುವಂಥ ವಹಿ ಯಾವುದೂ ಇರಲಿಲ್ಲ.

ನಾಲ್ಕನೆಯದು ಭಾಷೆ. ಇದನ್ನು ಸ್ವಲ್ಪ ವಿವರಿಸಬೇಕು. ಈ ಸೇವೆ ಒಂದು ಬೈಟಿಗೆ ಒಂದು ಅಕ್ಷರ ಎಂಬ ಹಳೆಯ ಸಂಕೇತ ಕೋಷ್ಟಕವನ್ನು ನೆಚ್ಚಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಆ ಕಾಲದಲ್ಲಿ ನಮ್ಮ ಕಚೇರಿಗಳ ಕನ್ನಡ ಬರವಣಿಗೆ ನಡೆಯುತ್ತಿದ್ದುದು ಬಹುಪಾಲು ಕನ್ನಡ ಗಣಕ ಪರಿಷತ್ತಿನ ನುಡಿಯಂಥ ತಂತ್ರಾಂಶಗಳ ಫಾಂಟ್ ಸಂಕೇತಗಳಲ್ಲಿ. ಅಲ್ಲಿ ಲ್ಯಾಟಿನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡ ಅಕ್ಷರಭಾಗಗಳ ಆಕಾರಗಳನ್ನು ಕೂರಿಸಲಾಗಿತ್ತು. ಆ ಫಾಂಟ್ ಆಯ್ಕೆ ಮಾಡಿದಲ್ಲಿ ಮಾತ್ರ ಕನ್ನಡ. ಸಂದೇಶ ಪೆಟ್ಟಿಗೆಯಲ್ಲಿ ಫಾಂಟ್ ಆಯ್ಕೆಗೆ ಅವಕಾಶವಿರಲಿಲ್ಲವಾದ್ದರಿಂದ ಅಲ್ಲಿ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಯುನಿಕೋಡ್ ಮಾನಕದಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ, ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಯುನಿಕೋಡ್ ಕನ್ನಡ ಫಾಂಟ್ ಬಂದಿದ್ದರೂ ಈ ಸೇವೆಗೆ ಅದರ ಪ್ರಯೋಜನ ಸಿಗಲಿಲ್ಲ. ಆಡಳಿತ ಭಾಷೆ ಕನ್ನಡ ಎನ್ನುವ ರಾಜ್ಯದಲ್ಲಿ ಕಚೇರಿಯ ಅತಿ ಸರಳ ಸಂದೇಶವೂ ಇಂಗ್ಲಿಷಿನಲ್ಲೇ ಹೋಗಬೇಕಾಯಿತು.

ಐದನೆಯದು, ಒಳಗಿನದು ಒಳಗೇ ಇರುವುದು. ಕೋಣೆಯೊಳಗಿನ ಬಳಕೆಗಾಗಿ ಹುಟ್ಟಿದ್ದರಿಂದ ಇದರಲ್ಲಾದರೂ ಸೇವೆಗೆ ಪೂರ್ಣ ಅಂಕ ಸಿಗಬೇಕಿತ್ತು. ಆದರೆ ಸೇವೆ ಸತ್ತದ್ದೇ ಇದರಿಂದ. ಮನೆ ಮತ್ತು ಕಚೇರಿಯ ಗಣಕಗಳು ನೇರವಾಗಿ ಅಂತರ್ಜಾಲಕ್ಕೆ ಜೋಡಣೆಯಾದಾಗ ಒಳಕೋಣೆಯ ಬಾಗಿಲು ಬೀದಿಗೆ ತೆರೆದುಕೊಂಡಿತು. ಎಲ್ಲಿಯೋ ಕುಳಿತ ಜಾಹೀರಾತುದಾರರು ಸಾವಿರಾರು ಗಣಕಗಳ ಪರದೆಗಳ ಮೇಲೆ ಪೆಟ್ಟಿಗೆ ಏಳಿಸತೊಡಗಿದರು. ಇಂಥ ಪೆಟ್ಟಿಗೆಗಳನ್ನು ತಾವೇ ಕಳಿಸಿ, ಅವುಗಳನ್ನು ತಡೆಯುವ ತಂತ್ರಾಂಶವನ್ನು ತಾವೇ ಮಾರುತ್ತಿದ್ದವರ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2003ರ ನವೆಂಬರಿನಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಅದೇ ವರ್ಷ ಅಕ್ಟೋಬರಿನಲ್ಲಿ ಈ ಸೇವೆಯಲ್ಲಿ ಇನ್ನೂ ಗಂಭೀರವಾದ ದೋಷವೊಂದನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು: ಅಳತೆ ಮೀರಿದ ಸಂದೇಶವನ್ನು ಕಳಿಸಿ ಆಚೆ ಗಣಕದಲ್ಲಿ ತಮಗೆ ಬೇಕಾದ ಕಾರ್ಯಕ್ರಮವನ್ನೇ ನಡೆಸಲು ಸಾಧ್ಯವಿತ್ತು. 2004ರ ಆಗಸ್ಟಿನಲ್ಲಿ ಬಂದ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್ ಈ ಸೇವೆಯನ್ನು ನಿಷ್ಕ್ರಿಯಗೊಳಿಸಿತು. ಮುಂದಿನ ಆವೃತ್ತಿಯಾದ ವಿಸ್ತಾದಲ್ಲಿ ಅದು ಇಲ್ಲವೇ ಇಲ್ಲ.

ಹೀಗೆ ಮೆಸೆಂಜರ್ ಸೇವೆ ಹೋದದ್ದು ನ್ಯಾಯವೇ. ಆದರೆ ಅದರ ಅಂತ್ಯದಿಂದ ನಾವು ಕಲಿತ ಪಾಠ ಅರ್ಧಂಬರ್ಧ. ದೋಷ ಇದ್ದದ್ದು ‘ಜಾಲದ ಒಳಗಿರುವವರೆಲ್ಲ ನಂಬಿಕಸ್ಥರು, ಹೊರಗಿನವರು ಒಳಗೆ ಬರುವುದಿಲ್ಲ’ ಎಂಬ ಊಹೆಯಲ್ಲಿ. ಆ ಊಹೆ ಸುಳ್ಳಾದಾಗ ಗುರುತಿನ ಪರೀಕ್ಷೆ, ಗೂಢಲಿಪಿ, ದಾಖಲೆ ಇವನ್ನು ಸೇರಿಸಿ ಸ್ಥಳೀಯ ಸಂದೇಶವನ್ನು ಸುಧಾರಿಸಬಹುದಿತ್ತು. ಕಚೇರಿಗಳು ಮಾಡಿದ್ದು ಸ್ಥಳೀಯ ಸಂದೇಶವನ್ನೇ ಬಿಟ್ಟುಕೊಡುವುದು.

ಗುರುತಿನ ಪರೀಕ್ಷೆ ಅಂದಿನ ಕಾಲಕ್ಕೆ ಮೀರಿದ್ದೇನೂ ಆಗಿರಲಿಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 2000ದ ದಶಕದ ಆರಂಭದಲ್ಲಿ ತಾಲೂಕು ಕಚೇರಿಗಳಿಗೆ ಬಂದ ‘ಭೂಮಿ’ ಯೋಜನೆಯಲ್ಲಿ ಪಹಣಿಯನ್ನು ತಿದ್ದುವ ಅಧಿಕಾರವಿದ್ದ ನೌಕರರು ಬೆರಳಚ್ಚು ಕೊಟ್ಟೇ ಗಣಕದೊಳಗೆ ಪ್ರವೇಶಿಸಬೇಕಿತ್ತು. ಯಾರು ಏನು ಮಾಡಿದರೆಂಬುದು ದಾಖಲಾಗುತ್ತಿತ್ತು. ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕೆಂಬ ನಿಯಮವನ್ನೂ ತಂತ್ರಾಂಶವೇ ಪಾಲಿಸುತ್ತಿತ್ತು. ಅಂದರೆ ಆವಕ–ಜಾವಕ ವಹಿಯ ಗುಣಗಳನ್ನು ದತ್ತಸಂಚಯಕ್ಕೆ ತರಲು ಗೊತ್ತಿತ್ತು. ಸಂದೇಶಕ್ಕೆ ಮಾತ್ರ ಆ ಕಾಳಜಿ ದೊರೆಯಲಿಲ್ಲ. ಸಂದೇಶವನ್ನು ಯಾರೂ ದಾಖಲೆಯೆಂದು ಎಣಿಸಲಿಲ್ಲ.

ಇಂದಿನ ರೂಢಿಯ ಗುಣ–ದೋಷ

ಬಿಟ್ಟುಕೊಟ್ಟ ಜಾಗಕ್ಕೆ ವಾಟ್ಸಾಪ್‌ನಂಥ ಮೊಬೈಲ್ ಸಂದೇಶ ಸೇವೆಗಳು ಬಂದವು. ವಿಮರ್ಶಕನಾದವನು ಇವುಗಳ ಗುಣವನ್ನು ಮೊದಲು ಹೇಳಬೇಕು. ಕನ್ನಡ ಲೀಲಾಜಾಲವಾಗಿ ಹೋಗುತ್ತದೆ. ತಲುಪಿದ್ದಕ್ಕೆ ಮತ್ತು ಓದಿದ್ದಕ್ಕೆ ಬೇರೆ ಬೇರೆ ಗುರುತುಗಳಿವೆ. ಮೆಸೆಂಜರ್ ಸೇವೆಗೆ ಇದು ಆಗಿರಲಿಲ್ಲ. 2016ರಿಂದ ವಾಟ್ಸಾಪ್ ಸಂದೇಶಗಳು ಈ ತುದಿಯಿಂದ ಆ ತುದಿಯವರೆಗೆ ಗೂಢಲಿಪಿಯಲ್ಲಿ ಸಾಗುತ್ತವೆ. ಮೊಬೈಲು ಸಂಖ್ಯೆ ಗುರುತಿನ ಕೆಲಸವನ್ನು ತಕ್ಕಮಟ್ಟಿಗೆ ಮಾಡುತ್ತದೆ. ಜನ ಇದನ್ನು ಒಪ್ಪಿಕೊಂಡದ್ದು ಮೌಢ್ಯದಿಂದಲ್ಲ, ಅದು ಕೆಲಸ ಮಾಡುತ್ತದೆ ಎಂಬ ಕಾರಣದಿಂದ.

ದೋಷಗಳು ಬೇರೆ ಕಡೆ ಇವೆ. ದಾಖಲೆ ಕಚೇರಿಯದಲ್ಲ, ಅದು ನೌಕರನ ಜೇಬಿನಲ್ಲಿರುವ ಅವನ ಸ್ವಂತ ಮೊಬೈಲಿನದು. ನೌಕರ ವರ್ಗವಾದರೆ, ನಿವೃತ್ತನಾದರೆ, ಮೊಬೈಲು ಕಳೆದರೆ ಕಚೇರಿಯ ಪತ್ರವ್ಯವಹಾರದ ಒಂದು ಭಾಗ ಅವನ ಜೊತೆಗೇ ಹೋಗುತ್ತದೆ. ಎರಡನೆಯದಾಗಿ, ನಾಗರಿಕರ ಕಾಗದಪತ್ರಗಳ ಚಿತ್ರಗಳು, ವಿದ್ಯಾರ್ಥಿಗಳ ಅಂಕಪಟ್ಟಿಗಳು, ಆಧಾರ್ ಚೀಟಿಗಳು ಮದುವೆ ಮನೆಯ ಚಿತ್ರಗಳ ಪಕ್ಕದಲ್ಲೇ ಕುಳಿತಿರುತ್ತವೆ. ದಾರಿಯಲ್ಲಿ ಗೂಢಲಿಪಿ ಇದ್ದರೇನಾಯಿತು, ಎರಡೂ ತುದಿಗಳು ತೆರೆದೇ ಇವೆ. ವೈಯಕ್ತಿಕ ಮಾಹಿತಿ ರಕ್ಷಣೆಗೆಂದೇ 2023ರಲ್ಲಿ ಸಂಸತ್ತು ಕಾಯಿದೆ ಮಾಡಿರುವಾಗ ಈ ರೂಢಿಯನ್ನು ಸಣ್ಣ ವಿಷಯವೆಂದು ತಳ್ಳಿಹಾಕಲಾಗದು.

ಮೂರನೆಯದು ಪರಾವಲಂಬನೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಜಗತ್ತಿನಾದ್ಯಂತ ಸುಮಾರು ಆರು ಗಂಟೆಗಳ ಕಾಲ ನಿಂತುಹೋದವು. ಕಂಪನಿಯ ಬೆನ್ನೆಲುಬು ಜಾಲದ ರೂಟರುಗಳಿಗೆ ಕೊಟ್ಟ ಒಂದು ತಪ್ಪು ಸೂಚನೆ ಅದಕ್ಕೆ ಕಾರಣ. ಅದೇ ಜಾಲವನ್ನು ನೆಚ್ಚಿದ್ದರಿಂದ ಕಂಪನಿಯ ಒಳಗಿನ ಸಾಧನಗಳೂ ಕೈಕೊಟ್ಟವು. ದುರಸ್ತಿ ತಡವಾದದ್ದಕ್ಕೆ ಅದೂ ಒಂದು ಕಾರಣವೆಂದು ಕಂಪನಿಯೇ ಹೇಳಿಕೊಂಡಿತು. ಜಗತ್ತಿನ ಅತಿ ದೊಡ್ಡ ಸಂದೇಶ ವ್ಯವಸ್ಥೆಯನ್ನು ಕಟ್ಟಿದವರೇ ಒಳಗಿನ ದಾರಿಯನ್ನು ಹೊರಗಿನ ದಾರಿಯಿಂದ ಬೇರೆಯಾಗಿ ಇಟ್ಟುಕೊಳ್ಳದೆ ಕಷ್ಟಪಟ್ಟರು. ನಮಗೆ ಇಂಥ ಜಾಗತಿಕ ಅವಘಡವೇ ಆಗಬೇಕಿಲ್ಲ. ರಸ್ತೆ ಬದಿಯ ಬೆಳಕುತಂತು ತುಂಡಾದರೆ ಸಾಕು, ಪಕ್ಕದ ಮೇಜಿಗೂ ಸಂದೇಶ ಹೋಗದು. ಆಗ ಜನ ಆಡುವ ಮಾತು ‘ನೆಟ್ ಇಲ್ಲ’. ವಾಸ್ತವವಾಗಿ ಕಚೇರಿಯೊಳಗಿನ ಜಾಲ ಅಖಂಡವಾಗಿಯೇ ಇರುತ್ತದೆ. ಸ್ವಿಚ್ಚಿನ ದೀಪಗಳು ಮಿನುಗುತ್ತಲೇ ಇರುತ್ತವೆ. ಇಲ್ಲದಿರುವುದು ಹೊರಗಿನ ಕೊಂಡಿ ಮಾತ್ರ. ಈ ಎರಡರ ವ್ಯತ್ಯಾಸ ತಿಳಿಯದಿರುವುದೇ ನನ್ನ ಮೂರನೆಯ ಆಕ್ಷೇಪಕ್ಕೆ ದಾರಿ ಮಾಡಿಕೊಡುತ್ತದೆ.

ನಾವು ಬೋಧಿಸುವ ಬಗೆ

ಪದವಿಪೂರ್ವ ತರಗತಿಯ ಗಣಕ ವಿಜ್ಞಾನದಲ್ಲಿ ಜಾಲಗಳ ಬಗ್ಗೆ ಅಧ್ಯಾಯವಿದೆ. ಲ್ಯಾನ್, ಮ್ಯಾನ್, ವ್ಯಾನ್ ಎಂಬ ವಿಂಗಡಣೆ. ಬಸ್, ರಿಂಗ್, ಸ್ಟಾರ್ ಎಂಬ ಜೋಡಣೆಗಳ ಚಿತ್ರ. ಪ್ರತಿಯೊಂದಕ್ಕೂ ಅನುಕೂಲ, ಅನನುಕೂಲಗಳ ಪಟ್ಟಿ. ಅಂಕಕ್ಕೆ ಇದು ಸಾಕು. ಆದರೆ ಈ ಅಧ್ಯಾಯವನ್ನು ಚೆನ್ನಾಗಿ ಬರೆದ ವಿದ್ಯಾರ್ಥಿಗೆ ‘ಅಂತರ್ಜಾಲ ನಿಂತಾಗ ನಿಮ್ಮ ಪ್ರಯೋಗಾಲಯದ ಎರಡು ಗಣಕಗಳು ಮಾತಾಡಬಲ್ಲವೇ?’ ಎಂದು ಕೇಳಿದರೆ ಉತ್ತರ ಬರುವುದೇ ಎಂಬ ಬಗ್ಗೆ ನನಗೆ ಸಂದೇಹವಿದೆ.

ಇಲ್ಲಿ ಎರಡು ದೋಷಗಳಿವೆ. ಒಂದು, ಕಾಲದ ಹಿನ್ನೆಲೆ ತೋರಿಸದೆ ಹಳೆಯದನ್ನೂ ಹೊಸದನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು. ಒಂದೇ ದಪ್ಪ ತಂತಿಗೆ ಎಲ್ಲ ಗಣಕಗಳನ್ನೂ ತಗುಲಿಸುವ ಬಸ್ ಜೋಡಣೆ ಇಂದು ಹೊಸದಾಗಿ ಯಾವ ಕಚೇರಿಗೂ ಬರುವುದಿಲ್ಲ. ಎರಡೂ ಕಡೆಗೆ ಏಕಕಾಲಕ್ಕೆ ಸಾಗಿಸುವ ಸ್ವಿಚ್ಚುಗಳು ಬಂದ ಮೇಲೆ ತಂತಿಯಲ್ಲಿ ಡಿಕ್ಕಿಯೇ ಇಲ್ಲ. 2002ರ 10 ಗಿಗಾಬಿಟ್ ಈಥರ್‌ನೆಟ್ ಮಾನಕ ಡಿಕ್ಕಿ ಪತ್ತೆಯ ವಿಧಾನವನ್ನು ಕೈಬಿಟ್ಟೇ ಹುಟ್ಟಿತು. ಹಂಚಿಕೊಂಡ ಮಾಧ್ಯಮದ ಪ್ರಶ್ನೆ ಈಗ ಜೀವಂತವಾಗಿರುವುದು ವೈ–ಫೈನಲ್ಲಿ. ಹವಾಯಿಯ ರೇಡಿಯೋ ಸಮಸ್ಯೆ ತಂತಿಯನ್ನು ಬಿಟ್ಟು ಮತ್ತೆ ಗಾಳಿಗೇ ಮರಳಿದೆ. ಇದನ್ನು ಹೇಳಿದರೆ ಪಾಠಕ್ಕೆ ಜೀವ ಬರುತ್ತದೆ.

ಎರಡು, ಅಂಕೆಗಳನ್ನು ಕೊಟ್ಟು ಕಾರಣಗಳನ್ನು ಬಿಡುವುದು. ಈಥರ್‌ನೆಟ್ ಚೌಕಟ್ಟು ಕನಿಷ್ಠ 64 ಬೈಟ್ ಇರಬೇಕು ಎಂದು ಬಾಯಿಪಾಠ ಮಾಡಿಸುತ್ತೇವೆ. ಏಕೆ 64? ಇದು ಶುದ್ಧ ಭೌತವಿಜ್ಞಾನ. 64 ಬೈಟ್ ಎಂದರೆ 512 ಬಿಟ್. ಸೆಕೆಂಡಿಗೆ 1 ಕೋಟಿ ಬಿಟ್ ವೇಗದ ಮೂಲ ಈಥರ್‌ನೆಟ್ಟಿನಲ್ಲಿ ಅಷ್ಟನ್ನು ಕಳಿಸಲು 51.2 ಮೈಕ್ರೊಸೆಕೆಂಡ್ ಬೇಕು. ಆ ಅವಧಿಯಲ್ಲಿ ಸಂಕೇತ ತಂತಿಯಲ್ಲಿ ಸುಮಾರು 10 ಕಿ.ಮೀ. ಸಾಗಬಲ್ಲದು. ದೂರದ ತುದಿಯಲ್ಲಾದ ಡಿಕ್ಕಿಯ ಸುದ್ದಿ, ಕಳಿಸುವವನು ಇನ್ನೂ ಮಾತಾಡುತ್ತಿರುವಾಗಲೇ ಹಿಂದಿರುಗಿ ಬರಬೇಕಲ್ಲವೇ? ಅಂದರೆ ಹೋಗಿ ಬರುವ ದಾರಿ 10 ಕಿ.ಮೀ. ಒಳಗಿರಬೇಕು, ಒಂದು ಕಡೆಗೆ 5 ಕಿ.ಮೀ. ನಡುವಿನ ಪುನರಾವರ್ತಕಗಳ ವಿಳಂಬಕ್ಕೆ ಅವಕಾಶ ಬಿಟ್ಟು ಜಾಲದ ಗರಿಷ್ಠ ಉದ್ದವನ್ನು 2.5 ಕಿ.ಮೀ. ಎಂದು ನಿಗದಿ ಮಾಡಿದರು. ಒಂದು ಒಣ ಅಂಕೆಯ ಹಿಂದೆ ತರಂಗವೇಗದ ಒಂದು ಪಾಠವೇ ಅಡಗಿದೆ. ಇದನ್ನು ಬಿಟ್ಟು 64 ಎಂಬ ಅಂಕೆಯನ್ನು ಮಾತ್ರ ಕೊಟ್ಟರೆ ವಿದ್ಯಾರ್ಥಿಗೆ ಅದು ದೇವರ ಅಪ್ಪಣೆಯಂತೆ ಕಾಣುತ್ತದೆ.

ಉಪಾಧ್ಯಾಯರು ಮಾಡಿಸಬಹುದಾದ ಪ್ರಯೋಗಗಳು

ಇದಕ್ಕೆ ದುಬಾರಿ ಉಪಕರಣ ಬೇಡ. ಎರಡು ಗಣಕ, ಒಂದು ಸ್ವಿಚ್ಚು, ಮೂರು ತಂತಿ ಸಾಕು. ಪ್ರಯೋಗಾಲಯದ ಒಪ್ಪಿಗೆ ಪಡೆದು, ಬೇರೆಯವರ ಜಾಲವನ್ನು ಮುಟ್ಟದೆ ಮಾಡಬೇಕೆಂಬುದು ಮೊದಲ ನಿಯಮ.

ಮೊದಲನೆಯ ಪ್ರಯೋಗ: ಒಂದು ಗಣಕದಿಂದ ಇನ್ನೊಂದಕ್ಕೆ ‘ಪಿಂಗ್’ ಆದೇಶ ಕೊಟ್ಟು ಉತ್ತರ ಬರುವ ಕಾಲವನ್ನು ಬರೆದುಕೊಳ್ಳಿ. ಅಂತರ್ಜಾಲದ ತಾಣವೊಂದಕ್ಕೂ ಕೊಟ್ಟು ಹೋಲಿಸಿ. ಆಮೇಲೆ ಹೊರಗಿನ ಕೊಂಡಿಯ ತಂತಿಯನ್ನು ಎಳೆದು ಮತ್ತೆ ಮಾಡಿ. ತಾಣ ಮೌನವಾಗುತ್ತದೆ, ಪಕ್ಕದ ಗಣಕ ಉತ್ತರಿಸುತ್ತಲೇ ಇರುತ್ತದೆ. ‘ನೆಟ್ ಇಲ್ಲ’ ಎಂಬ ಮಾತಿನ ಅರ್ಥ ಎರಡು ನಿಮಿಷದಲ್ಲಿ ಸ್ಪಷ್ಟವಾಗುತ್ತದೆ.

ಎರಡನೆಯದು: ಎಆರ್‌ಪಿ ಕೋಷ್ಟಕವನ್ನು ತೆರೆದು, ಪಿಂಗ್‌ಗೆ ಮೊದಲು ಮತ್ತು ನಂತರ ಅದರಲ್ಲಿ ಆಗುವ ಬದಲಾವಣೆಯನ್ನು ಗುರುತಿಸಿ. ಡಂಗುರದ ಫಲ ಅಲ್ಲಿ ಬರೆದಿರುತ್ತದೆ.

ಮೂರನೆಯದು: ಪೈಥಾನ್ ಭಾಷೆಯಲ್ಲಿ ಹತ್ತು–ಹದಿನೈದು ಸಾಲುಗಳ ಎರಡು ಕಾರ್ಯಕ್ರಮ ಬರೆಸಿ, ಒಂದು ಕಳಿಸಲು, ಇನ್ನೊಂದು ಪಡೆಯಲು. ಕನ್ನಡದಲ್ಲೇ ಸಂದೇಶ ಕಳಿಸಲಿ. ‘ಲೋಕಾಪುರ’ ಎಂಬ ಪದ ಎಷ್ಟು ಬೈಟ್ ಎಂದು ಎಣಿಸಲಿ. ಯುನಿಕೋಡಿನಲ್ಲಿ ಇದು ಸಾಮಾನ್ಯವಾಗಿ 7 ಸಂಕೇತ. ಯುಟಿಎಫ್–8ರಲ್ಲಿ ತಲಾ 3 ಬೈಟಿನಂತೆ 21 ಬೈಟ್. ಆದರೆ ‘ಲೋ’ದಲ್ಲಿರುವ ಓಕಾರವನ್ನು ಬಿಡಿಸಿ ಮೂರು ಸಂಕೇತಗಳಾಗಿಯೂ ಬರೆಯಬಹುದು, ಆಗ ಅದೇ ಪದ 9 ಸಂಕೇತ, 27 ಬೈಟ್ ಆಗುತ್ತದೆ. ಕಣ್ಣಿಗೆ ಒಂದೇ ಪದ, ಗಣಕಕ್ಕೆ ಎರಡು. ಹುಡುಕಾಟದಲ್ಲಿ ಕನ್ನಡ ಪದಗಳು ಕೆಲವೊಮ್ಮೆ ಏಕೆ ಸಿಗುವುದಿಲ್ಲ ಎಂಬುದಕ್ಕೂ ಇದೊಂದು ಕಾರಣ.

ನಾಲ್ಕನೆಯದು: ‘ವೈರ್‌ಶಾರ್ಕ್’ ಎಂಬ ಮುಕ್ತ ತಂತ್ರಾಂಶದಿಂದ ತಮ್ಮದೇ ಸಂದೇಶವನ್ನು ಜಾಲದಲ್ಲಿ ಹಿಡಿದು ನೋಡಲಿ. ಗೂಢಲಿಪಿ ಇಲ್ಲದಿದ್ದರೆ ಸಂದೇಶ ಬಯಲಾಗಿ ಕಾಣುತ್ತದೆ. ಸುರಕ್ಷತೆಯ ಬಗ್ಗೆ ಒಂದು ಗಂಟೆಯ ಉಪನ್ಯಾಸಕ್ಕಿಂತ ಇದು ಪರಿಣಾಮಕಾರಿ. ಆಮೇಲೆ ತಮ್ಮ ಕಾರ್ಯಕ್ರಮವನ್ನು ವಹಿಯ ಐದು ಗುಣಗಳಿಂದ ಅಳೆದು, ಯಾವುದು ಇಲ್ಲವೋ ಅದನ್ನು ಸೇರಿಸಲು ಯತ್ನಿಸಲಿ.

ಕಚೇರಿಗಳಿಗೆ ಸಂಬಂಧಿಸಿದಂತೆ ಹೇಳುವುದಾದರೆ ಸಾಧನಗಳಿಗೆ ಬರವಿಲ್ಲ. ಜಪಾನಿನಲ್ಲಿ 1996ರಲ್ಲಿ ಹುಟ್ಟಿದ ‘ಐಪಿ ಮೆಸೆಂಜರ್’ಗೆ ಸರ್ವರೇ ಬೇಡ. 2004ರಲ್ಲಿ ಅಂತರ್ಜಾಲ ಮಾನಕವಾಗಿ ಪ್ರಕಟವಾದ ‘ಎಕ್ಸ್‌ಎಂಪಿಪಿ’ ವಿಧಾನದ ಸಂದೇಶ ಸರ್ವರನ್ನು ಕಚೇರಿಯ ಒಂದು ಹಳೆಯ ಗಣಕದಲ್ಲೇ ಸ್ಥಾಪಿಸಬಹುದು. ಅಲ್ಲಿ ಖಾತೆ, ಗೂಢಲಿಪಿ, ದಾಖಲೆ ಎಲ್ಲಕ್ಕೂ ಅವಕಾಶವಿದೆ. ಆದರೆ ಒಂದು ಮಾತನ್ನು ಮುಚ್ಚಿಡಬಾರದು: ಸ್ಥಳೀಯ ಸರ್ವರಿಗೆ ಒಬ್ಬ ಪಾಲಕ ಬೇಕು. ವಿದ್ಯುತ್ ಹೋದಾಗ ನಡೆಸಲು ಬ್ಯಾಟರಿ, ವಾರಕ್ಕೊಮ್ಮೆ ನಕಲು, ಕಾಲಕಾಲಕ್ಕೆ ತಂತ್ರಾಂಶದ ನವೀಕರಣ ಇವನ್ನು ನೋಡಿಕೊಳ್ಳುವವರಿಲ್ಲದಿದ್ದರೆ ಅದು ಮೆಸೆಂಜರ್ ಸೇವೆಗಿಂತ ಅಪಾಯಕಾರಿಯಾದೀತು. ಹೊರಗಿನ ಸೇವೆಗಳು ಗೆದ್ದದ್ದು ತಾಂತ್ರಿಕ ಶ್ರೇಷ್ಠತೆಯಿಂದ ಎನ್ನುವುದಕ್ಕಿಂತ, ಆ ಪಾಲಕತ್ವದ ಹೊರೆಯನ್ನು ತಾವು ಹೊತ್ತುಕೊಂಡದ್ದರಿಂದ. ಎಲ್ಲವನ್ನೂ ಒಳಗೇ ಇಟ್ಟುಕೊಳ್ಳಬೇಕೆಂದು ನಾನು ವಾದಿಸುತ್ತಿಲ್ಲ. ಊರಾಚೆಗೆ ಹೋಗಬೇಕಾದ್ದು ಊರಾಚೆಗೆ ಹೋಗಲಿ. ಪಕ್ಕದ ಮೇಜಿಗೆ ಹೋಗಬೇಕಾದ್ದು, ಅದರಲ್ಲೂ ಜನರ ಖಾಸಗಿ ವಿವರಗಳಿರುವುದು, ಒಳದಾರಿಯಲ್ಲೇ ಹೋಗಲಿ.

ಪಾಲಕರು ಎಲ್ಲಿಂದ ಬರಬೇಕು? ನಮ್ಮ ಹೋಬಳಿ, ತಾಲೂಕುಗಳ ಶಾಲೆ ಕಾಲೇಜುಗಳಿಂದಲೇ. ಚಿತ್ರ ಬಿಡಿಸಿ ಅಂಕ ಪಡೆದವರಿಂದ ಈ ಕೆಲಸ ಆಗದು. ತಂತಿ ಎಳೆದು ನೋಡಿ, ಬೈಟ್ ಎಣಿಸಿ, ಸಂದೇಶ ಎಲ್ಲಿಂದ ಎಲ್ಲಿಗೆ, ಯಾವ ದಾರಿಯಲ್ಲಿ ಹೋಯಿತೆಂದು ಕೇಳಲು ಕಲಿತವರಿಂದ ಆದೀತು. ಉಪಾಧ್ಯಾಯ ಮಿತ್ರರು ಈ ವರ್ಷದ ಜಾಲ ಅಧ್ಯಾಯವನ್ನು ಕಪ್ಪು ಹಲಗೆಯ ಬದಲು ಎರಡು ಗಣಕ, ಒಂದು ಸ್ವಿಚ್ಚಿನಿಂದ ಆರಂಭಿಸಲಿ.